ವಾಪಸ್ ಕಳಿಸಿದ ಗೀಸರುಗಳು

ಗೀಸರ್ ರಿಪೇರಿಯಲ್ಲಿ ಮೂವತ್ತು ವರ್ಷ ಕೈ ಪಳಗಿದ್ದ ಅವರನ್ನು ಎಲ್ಲರೂ ರಿಪೇರಿ ಮಾವ ಎಂದೇ ಕರೆಯುತ್ತಿದ್ದರು. ಹೊಸ ಸಾಮಾನು ಕಂಡರೆ ಮಾವನಿಗೆ ಆಗಿಬರುತ್ತಿರಲಿಲ್ಲ. "ಈಗಿನವು ಬರೀ ಆಟಿಕೆ. ಹಳೇದು ನೋಡಿ, ಒಂದಾದ್ರೂ ಕೈ ಕೊಟ್ಟಿದೆಯಾ?" ಎಂದು ಎದೆ ತಟ್ಟಿ ಹೇಳುತ್ತಿದ್ದರು. ಹೇಳಿ ಸುಮ್ಮನಿರುವ ಜಾಯಮಾನವೂ ಅಲ್ಲ. ಮಗಳ ಬಚ್ಚಲಲ್ಲಿದ್ದ ಎರಡು ವರ್ಷದ ಗೀಸರನ್ನು ಕಿತ್ತು, ಅಳಿಯನಿಗಿಂತ ಹಳೆಯದೊಂದನ್ನು ತಾವೇ ನಿಂತು ಕೂರಿಸಿದ್ದರು. ಅಳಿಯ ಕೊಸರಾಡಿದ, ಮಾವನ ಮುಂದೆ ಅವನ ಬೇಳೆ ಬೇಯಲಿಲ್ಲ.

ಒಂದು ಬೆಳಿಗ್ಗೆ ವಾಲ್ವ್ ಹುಡುಕಿಕೊಂಡು ಗುಜರಿ ಅಂಗಡಿಗೆ ಹೋದರು. ಹಿತ್ತಿಲ ಮೂಲೆಯಲ್ಲಿ ಆಳೆತ್ತರದ ಗೀಸರ್ ರಾಶಿ. ಎಲ್ಲ ಅದೇ ಹಳೆಯ ಮಾದರಿ, ಮಗಳ ಮನೆಯಲ್ಲಿದ್ದಂಥವೇ. ಒಂದನ್ನು ಉರುಳಿಸಿದರು: ತಳದ ಬೆಸುಗೆ ಉದ್ದಕ್ಕೂ ಸೀಳಿತ್ತು. ಇನ್ನೊಂದೂ ಹಾಗೇ. ಮತ್ತೊಂದೂ ಹಾಗೇ.

"ಇಷ್ಟೊಂದು ಎಲ್ಲಿಂದ ಬಂದ್ವು?"

ಗುಜರಿಯವನು ನಕ್ಕ. "ನಿಮ್ಮ ಅಂಗಡಿಯಿಂದಾನೇ, ಮಾವ. ಸೀಳಿದ್ದನ್ನ ನೀವು ಮುಟ್ಟೋದೇ ಇಲ್ವಲ್ಲ. ಬಾಗಿಲಲ್ಲೇ 'ಇದಾಗಲ್ಲ, ತಗೊಂಡ್ಹೋಗಿ' ಅಂತೀರ. ಗಿರಾಕಿಗಳು ಸೀದಾ ಇಲ್ಲಿಗೆ ತರ್ತಾರೆ. ಒಂದಂತೂ ಸಿಡಿದು, ಪಾಪ, ಆ ಮನೆ ಯಜಮಾನರ ಬೆನ್ನೆಲ್ಲ ಬೆಂದುಹೋಗಿತ್ತಂತೆ."

ಮಾವ ಮತ್ತೆ ಆ ರಾಶಿಯತ್ತ ತಿರುಗಿದರು. ಬಾಗಿಲಿಂದಲೇ ಅಟ್ಟಿದ್ದನ್ನು ಅವರು ಯಾವತ್ತೂ ಗಣನೆಗೇ ತೆಗೆದುಕೊಂಡಿರಲಿಲ್ಲ. ಸೀಳದೆ ಉಳಿದುಕೊಂಡಿದ್ದನ್ನೇ ನೋಡಿ ನೋಡಿ ಮೂವತ್ತು ವರ್ಷ ಬೀಗಿದ್ದರು. ಗಡಿಯಾರದಲ್ಲಿ ಎಂಟೂಕಾಲು. ಮೊಮ್ಮಗಳ ಸ್ನಾನದ ಹೊತ್ತು.

ಫೋನ್ ಮಾಡಿದರೆ ಮಗಳು ಎತ್ತಲಿಲ್ಲ. ಮತ್ತೆ ಮಾಡಿದರು, ಎತ್ತಲಿಲ್ಲ. ಮಾವ ಎದ್ದೆನೋ ಬಿದ್ದೆನೋ ಎಂದು ಎರಡು ಬೀದಿ ಓಡಿದರು. ಏದುಸಿರು ಬಿಡುತ್ತ ಮಗಳ ಮನೆಗೆ ನುಗ್ಗಿ ಮೊದಲು ಮೇನ್ ಸ್ವಿಚ್ ಆರಿಸಿದರು, ಆಮೇಲೆ ಕೂಗುತ್ತ ಬಚ್ಚಲ ಬಾಗಿಲು ಬಡಿದರು.

"ತಾತಾ, ಕಣ್ಣಲ್ಲಿ ಸೋಪು!" ಒಳಗಿಂದ ಮೊಮ್ಮಗಳು ಕೂಗಿದಳು. ಆ ದನಿ ಕೇಳಿ ಮುದುಕರಿಗೆ ಅಳುವೇ ಬಂತು.

ಮಗಳು ಮಗುವನ್ನು ಟವೆಲಿನಲ್ಲಿ ಸುತ್ತಿ ಹೊರಗೆ ಕರೆತಂದಳು. ಮಾವ ಒಳಹೋಗಿ ಗೀಸರಿನ ತಳ ಸವರಿ ನೋಡಿದರು. ಬೆಸುಗೆ ಜಿನುಗುತ್ತಿತ್ತು.

"ಇದನ್ನ ಈಗಲೇ ಬಿಚ್ತೀನಿ. ನಂದೇ ತಪ್ಪು, ಮಗಳೇ. ಯಾವಾಗ ಬೇಕಾದ್ರೂ ಸಿಡಿಯೋದು."

ಮಗಳ ಮುಖ ಬಿಳಿಚಿಕೊಂಡಿತು. "ಅಪ್ಪಾ, ನಿಮ್ಮ ಮಾತು ಕೇಳ್ಕೊಂಡು ಈ ಬೀದೀಲಿ ಇನ್ನೂ ಆರು ಮನೆಯವರು ಇದನ್ನೇ ಹಾಕಿಸ್ಕೊಂಡಿದ್ದಾರಲ್ಲ!"

ಮಾವ ಬರಿಗಾಲಲ್ಲೇ ಹೊರಬಿದ್ದು ಪಕ್ಕದ ಮನೆಯ ಬಾಗಿಲು ಬಡಿಯತೊಡಗಿದರು. ಒಳಗೆ ನೀರು ಬೀಳುವ ಸದ್ದು ಕೇಳುತ್ತಿತ್ತು.