ಘಾಟು ಹೋದ ದಾರಿ

ನಿನ್ನೆ ಸಂಜೆ ಕರಿಬೇವು ಕೇಳಲು ಹೋದವಳು ಪಕ್ಕದ ಮನೆಯ ಜಗಲಿಯಲ್ಲೇ ನಿಂತೆ. ಶಾಂತಮ್ಮ ಮೊಮ್ಮಗುವಿಗೆ ದೃಷ್ಟಿ ತೆಗೆಯುತ್ತಿದ್ದರು. ನಿವಾಳಿಸಿದ ಮೇಲೆ ಸೊಸೆ ಮಗುವನ್ನು ಒಳಗೆ ತೊಟ್ಟಿಲಿಗೆ ಹಾಕಿ ಹೊರಗೆ ಬಂದಳು. ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಕೆಂಡಕ್ಕೆ ಬಿದ್ದು ಚಟಪಟ ಅಂದವು. ಶಾಂತಮ್ಮ ಮೂಗೆತ್ತಿ ಗಾಳಿ ಎಳೆದರು.

"ಘಾಟೇ ಬರ್ನಿಲ್ಲ ನೋಡ್ರಕ್ಕ. ಅದೆಂಥಾ ಕಣ್ಣು ಬಿದ್ದಿತ್ತೋ ಮಗೀಗೆ!"

ಅಷ್ಟು ಮೆಣಸಿನಕಾಯಿ ಸುಟ್ಟರೂ ಯಾರೂ ಕೆಮ್ಮದಿದ್ದರೆ ದೃಷ್ಟಿ ಆಗಿದ್ದು ನಿಜ ಅನ್ನುವುದು ನಮ್ಮ ಕಡೆಯ ನಂಬಿಕೆ. ನಾನೂ ನಂಬಿದ್ದವಳೇ. ಆದರೆ ಘಾಟು ಬರಲಿಲ್ಲ ಎಂಬ ಮಾತು ಕಿವಿಗೆ ಬಿದ್ದರೆ ಈಗ ಬೆನ್ನು ತಣ್ಣಗಾಗುತ್ತದೆ. ಅದಕ್ಕೆ ಕಾರಣ ಒಂದು ಕುದುರೆ.

ನೀವು ಕುದುರೆ ಸಾಕಿರಲಾರಿರಿ. ಹಾರನಹಳ್ಳಿಯಲ್ಲಿ ನಾವು ಸಾಕಿದ್ದೆವು. ಚಂದ್ರಿ ಅಂತ ಹೆಸರು, ಹಾಲುಬಿಳುಪಿನ ಹೆಣ್ಣುಕುದುರೆ. ಅರಸೀಕೆರೆಯ ಮದುವೆಗಳಲ್ಲಿ ಮದುಮಗನನ್ನು ಹೊತ್ತು ಬರುವುದು ಅದರ ಕೆಲಸ, ಹಗ್ಗ ಹಿಡಿದು ಮುಂದೆ ನಡೆಯುವುದು ನಮ್ಮ ಯಜಮಾನರ ಕೆಲಸ. ಮಿಕ್ಕಿದ್ದೆಲ್ಲ ನನ್ನ ಕೆಲಸ. ಅದರ ಬಾಲ ಬಾಚಿದಷ್ಟು ಶ್ರದ್ಧೆಯಿಂದ ನನ್ನ ತಲೆ ಬಾಚಿಕೊಂಡಿದ್ದರೆ ಇವತ್ತು ಇನ್ನೊಂದಿಷ್ಟು ಕೂದಲು ಉಳಿದಿರುತ್ತಿತ್ತು.

ಆಗೊಮ್ಮೆ ಈಗೊಮ್ಮೆ ಅದರ ಎಡಹೊಳ್ಳೆಯಿಂದ ರಕ್ತ ಬರುತ್ತಿತ್ತು. ಒಮ್ಮೆ ಜೋರಾಗಿಯೇ ಬಂದಾಗ ಮಕ್ಕಳಿಗೆ ಮಾಡುವಂತೆ ಹತ್ತಿ ಉಂಡೆ ಮಾಡಿಕೊಂಡು ಓಡಿದೆ. ಯಜಮಾನರು ಕರೆಸಿದ್ದ ದನದ ಡಾಕ್ಟರು ಹೊತ್ತಿಗೆ ಸರಿಯಾಗಿ ಬಂದು ಕೈ ಹಿಡಿದರು.

"ಕುದುರೆ ಬಾಯಲ್ಲಿ ಉಸಿರಾಡಲ್ಲ ಕಣಮ್ಮಾ! ತುರುಕಿದ್ರೆ ಸಾಯಿಸಿಬಿಡ್ತೀರ."

ಗದ್ದಲವಿಲ್ಲದೆ ನಿಲ್ಲಿಸಬೇಕು, ಮೂಗಿನ ಮೇಲೆ ತಣ್ಣೀರ ಬಟ್ಟೆ ಇಡಬೇಕು, ರಾಗಿಹುಲ್ಲನ್ನು ನೆನೆಸಿ ನೆಲದ ಮೇಲೇ ಹಾಕಬೇಕು, ದೂಳು ಹೋಗಬಾರದು, ರಕ್ತ ಧಾರೆಯಾಗಿ ಬಂದರೆ ಆ ಕ್ಷಣವೇ ಕರೆಯಬೇಕು ಎಂದರು. ಮೂಗಿನೊಳಗೆ ನಳಿಕೆ ಬಿಟ್ಟು ನೋಡಿ, ಗಡ್ಡೆ ಏನೂ ಇಲ್ಲ ಎಂದರು. ಹೊರಡುವಾಗ ಕೇಳಿದರು:

"ಲಾಯದ ಹತ್ರ ಹೊಗೆ ಗಿಗೆ ಹಾಕ್ತೀರಾ?"

"ಎಲ್ಲಿ ಬಂತು ಸಾರ್ ಹೊಗೆ? ನಮ್ದು ಗ್ಯಾಸ್ ಒಲೆ" ಎಂದರು ಯಜಮಾನರು, ಹೆಮ್ಮೆಯಿಂದ. ನಾನೂ ತಲೆಯಾಡಿಸಿದೆ. ಸುಳ್ಳು ಹೇಳಬೇಕೆಂದಲ್ಲ. ನಮ್ಮ ಅತ್ತೆ ರಕ್ತ ಕಂಡಾಗೆಲ್ಲ ಲಾಯದ ಬಾಗಿಲಲ್ಲಿ ಕರಟದ ಕೆಂಡ ಮಾಡಿ ಮೆಣಸಿನಕಾಯಿ ಸುಡುತ್ತಿದ್ದರಲ್ಲ, ಅದು ನಮ್ಮ ಮನಸ್ಸಿನಲ್ಲಿ ಹೊಗೆಯೇ ಆಗಿರಲಿಲ್ಲ. ಅದು ದೃಷ್ಟಿ ತೆಗೆಯುವುದು.

ಹುಲ್ಲು ನೆನೆಸಿದೆ, ನೆಲಕ್ಕೆ ನೀರು ಚಿಮುಕಿಸಿದೆ. ಆದರೂ ರಕ್ತ ನಿಲ್ಲಲಿಲ್ಲ. ಒಂದು ಮದುವೆಯಲ್ಲಿ ಮದುಮಗನ ಪಂಚೆಗೇ ನಾಲ್ಕು ಹನಿ ಸಿಡಿದವು. ವಾದ್ಯದವರು ನುಡಿಸುವುದನ್ನು ನಿಲ್ಲಿಸಿದರು. ಅತ್ತೆ ಅವತ್ತೇ ತೀರ್ಮಾನಿಸಿದರು: "ಇನ್ನೊಂದು ಸಲ ರಕ್ತ ಬಂದ್ರೆ ದಲ್ಲಾಳಿಗೆ ಕೊಟ್ಬುಡಿ. ಶುಭಕಾರ್ಯಕ್ಕೆ ಹೋಗೋ ಪ್ರಾಣಿ ಅಲ್ಲ ಇದು." ವಯಸ್ಸಾದ, ರಕ್ತ ಸೋರುವ ಕುದುರೆಯನ್ನು ದಲ್ಲಾಳಿ ಎಲ್ಲಿಗೆ ಒಯ್ಯುತ್ತಾನೆ ಎಂದು ನಾನು ಕೇಳಲಿಲ್ಲ. ಗೊತ್ತಿತ್ತು.

ಮುಂದಿನ ಮದುವೆಗೆ ಹೊರಡುವ ಮುನ್ನ, ಮುನ್ನೆಚ್ಚರಿಕೆಗೆಂದು ಅತ್ತೆ ಮತ್ತೆ ಕೆಂಡ ಹಿಡಿದು ಕೂತರು. ಅವತ್ತು ಚಂದ್ರಿ ಚಡಪಡಿಸುತ್ತಿತ್ತೆಂದು ನಾನು ಒಳಗೆ ಅದರ ಕೊರಳು ಹಿಡಿದು ನಿಂತಿದ್ದೆ. ಹೊರಗೆ ಮೆಣಸಿನಕಾಯಿ ಸಿಡಿದ ಸದ್ದು. ಹೆಂಚಿನ ಸಂದಿನಿಂದ ಬಿಸಿಲುಕೋಲೊಂದು ಇಳಿದಿತ್ತು. ಅದರೊಳಗೆ ಹೊಗೆ ಕಾಣಿಸಿತು. ಮೇಲಕ್ಕೆ ಏಳದೆ, ಅತ್ತೆಯ ಕಡೆ ತಿರುಗದೆ, ನೆಲವನ್ನು ನೆಕ್ಕುತ್ತಾ ಒಳಗೆ ಬಂತು. ಮನೆಯ ದಾರಿ ಗೊತ್ತಿರುವ ನೆಂಟರಂತೆ ನೆಟ್ಟಗೆ ಹುಲ್ಲಿನ ಹತ್ತಿರ ಬಂದು, ಅಲ್ಲಿಂದ ಎದ್ದು ಚಂದ್ರಿಯ ಮೂಗಿನ ಮುಂದೆ ನಿಂತಿತು. ಕುದುರೆ ಸೀನಲಿಲ್ಲ. ಕತ್ತು ಹೊರಳಿಸಿ ಬಾಗಿಲನ್ನೇ ನೋಡುತ್ತಿತ್ತು. ಹೊಳ್ಳೆಗಳು ಅರಳಿದವು. ನನ್ನ ಮಣಿಕಟ್ಟಿನ ಮೇಲೆ ಬೆಚ್ಚಗೆ ಏನೋ ಬಿತ್ತು.

ಹೊರಗಿನಿಂದ ಅತ್ತೆಯ ಸಮಾಧಾನದ ದನಿ: "ನೋಡ್ದೇನೇ? ಒಂಚೂರೂ ಘಾಟಿಲ್ಲ!"

ನನಗೆ ಉಸಿರು ಕಟ್ಟಿತ್ತು. ಕಣ್ಣು ಉರಿದು ಏನೂ ಕಾಣುತ್ತಿರಲಿಲ್ಲ. ಕೆಮ್ಮಿನ ನಡುವೆ ಕೂಗಿದೆ: "ಅತ್ತೆ... ಘಾಟು ಇಲ್ಲೈತೆ. ಎಲ್ಲಾ ಇಲ್ಲೇ ಐತೆ!"

ಅತ್ತೆ ಬಗ್ಗಿ ಒಳಗೆ ನೋಡಿದರು. ನನ್ನ ಕೈ ನೋಡಿದರು. ಚೊಂಬಿನ ನೀರನ್ನು ಕೆಂಡದ ಮೇಲೆ ಸುರಿದರು. "ಹಂಗಾದ್ರೆ ಇಷ್ಟು ದಿವ್ಸ..." ಎಂದರು. ಆ ಮದುವೆಗೆ ಚಂದ್ರಿ ಹೋಗಲಿಲ್ಲ. ದಲ್ಲಾಳಿಯ ಸುದ್ದಿಯನ್ನೂ ಅತ್ತೆ ಮತ್ತೆ ಎತ್ತಲಿಲ್ಲ.

ಆಮೇಲೆ ರಕ್ತ ಬಂದಿದ್ದು ತೀರಾ ಅಪರೂಪ. ಬರುವ ಮುನ್ನ ಮಾತ್ರ ಚಂದ್ರಿ ಕತ್ತು ಹೊರಳಿಸಿ ಖಾಲಿ ಬಾಗಿಲನ್ನು ನೋಡುತ್ತಿತ್ತು. ಅಲ್ಲಿ ಕೆಂಡವೂ ಇರುತ್ತಿರಲಿಲ್ಲ, ಅತ್ತೆಯೂ ಇರುತ್ತಿರಲಿಲ್ಲ. ಕಡೆಕಡೆಗೆ ಅತ್ತೆ ಎಲ್ಲಿಯೂ ಇರಲಿಲ್ಲ. "ಏನ್ ನೋಡ್ತಾಳೆ ಇವ್ಳು?" ಎಂದು ಯಜಮಾನರು ಕೇಳುತ್ತಿದ್ದರು. ನಾನು ಬಟ್ಟೆ ಒದ್ದೆ ಮಾಡಲು ಹೋಗುತ್ತಿದ್ದೆ. ಮೆಣಸಿನಕಾಯಿ ಹೊಗೆಯ ವಿಷಯ ತಿಳಿಸಿದ ಮೇಲೆ ಡಾಕ್ಟರು ಎಲ್ಲ ವಿವರಿಸಿದರು, ಆ ನೋಟವೊಂದನ್ನು ಬಿಟ್ಟು. ಚಂದ್ರಿ ಮುದಿಯಾಗಿ ನಮ್ಮ ಲಾಯದಲ್ಲೇ ಸತ್ತಿತು. ಅಲ್ಲೀಗ ಸ್ಕೂಟರ್ ನಿಲ್ಲುತ್ತದೆ.

ಇಷ್ಟೂ ನೆನಪಾದದ್ದು ಶಾಂತಮ್ಮನ ಜಗಲಿಯಲ್ಲಿ, ಒಂದೇ ಉಸಿರಿನಲ್ಲಿ. ನಾನು ಕೆಂಡ ದಾಟಿ ಒಳಗೆ ಹೋದೆ. "ಯಾಕ್ರಕ್ಕ?" ಎಂದು ಅವರು ಹಿಂದಿನಿಂದ ಕೂಗುತ್ತಲೇ ಇದ್ದರು. ನಡುಮನೆಯಲ್ಲಿ ನನ್ನ ಕಣ್ಣು ಉರಿಯತೊಡಗಿತು. ಹೊಗೆ ತೊಟ್ಟಿಲ ಸುತ್ತ ನಿಂತಿತ್ತು. ಮಗು ಅಳದೆ ಕಣ್ಣು ಬಿಟ್ಟುಕೊಂಡು ಮಲಗಿತ್ತು.

ಎತ್ತಿಕೊಂಡು ಹಿತ್ತಿಲಿಗೆ ಓಡಿದೆ. ಸೆರಗಿನ ತುದಿಯನ್ನು ಅದರ ಮೂಗಿಗೆ ಒತ್ತಿ ನೋಡಿದೆ. ಏನೂ ಅಂಟಲಿಲ್ಲ. ಇನ್ನೊಮ್ಮೆ ಒತ್ತಿದೆ. ಇಲ್ಲ. ಮಗು ಮಾತ್ರ ಕತ್ತು ಹೊರಳಿಸಿ, ನನ್ನ ಹೆಗಲಿನಾಚೆ, ನಾವು ಬಿಟ್ಟುಬಂದ ಬಾಗಿಲನ್ನೇ ನೋಡುತ್ತಿತ್ತು.

ನಾನು ತಿರುಗಿ ನೋಡಲಿಲ್ಲ.