ಅಪ್ಪೆಮಿಡಿ ಉಳಿಯಿತು, ಕಾರು ಟೋಟಲ್ ಲಾಸ್

ನಿಂತ ಕಾರನ್ನು ಗುದ್ದಿಸುವುದು ಸುಲಭದ ಕೆಲಸವಲ್ಲ. ಅದಕ್ಕೆ ಒಂದು ಏರು ಬೇಕು, ಒಂದು ಬುಟ್ಟಿ ಅಪ್ಪೆಮಿಡಿ ಬೇಕು, ಜೊತೆಗೆ ನನ್ನಂಥ ಉಪ್ಪಿನಕಾಯಿ ಹುಚ್ಚಿ ಬೇಕು.

ಆದದ್ದು ಇಷ್ಟು. ನಾನು ಸಾಗರದಿಂದ ಹೊಸನಗರಕ್ಕೆ ದಿನಾ ಕಾರು ಓಡಿಸಿಕೊಂಡು ಹೋಗಿ ಕಾಲೇಜಿನಲ್ಲಿ ಪಾಠ ಮಾಡಿ ಬರುವವಳು. ಮಾವಿನ ಮಿಡಿಯ ಕಾಲ. ಕಾಲೇಜು ಮುಗಿಸಿ ವಾಪಸ್ ಬರುವಾಗ ಒಂದು ಏರಿನಲ್ಲಿ ಎದುರಿಗೆ ರಾಘುವಿನ ಜೀಪು ಬಂತು. ರಾಘು ನನ್ನ ಚಿಕ್ಕಪ್ಪನ ಮಗ, ಹುಂಚದ ಕಡೆ ಇರುವವನು. ಇಬ್ಬರೂ ನಿಲ್ಲಿಸಿದೆವು. ರಸ್ತೆ ಬದಿಯಲ್ಲಲ್ಲ, ರಸ್ತೆ ಮಧ್ಯದಲ್ಲೇ, ಕಿಟಕಿಗೆ ಕಿಟಕಿ ಸೇರಿಸಿ.

(ಬೇರೆ ಊರಿನ ಓದುಗರಿಗೆ ಒಂದು ಮಾತು. ನಮ್ಮಲ್ಲಿ ಇದು ಟ್ರಾಫಿಕ್ ಜಾಮ್ ಅಲ್ಲ, ಮರ್ಯಾದೆ. ಗುರುತಿನವರನ್ನು ಕಂಡೂ ಸೀದಾ ಹೋದರೆ 'ಕಾರು ಬಂದ ಮೇಲೆ ಅವಳ ಕಣ್ಣು ನೆತ್ತಿಗೇರಿದೆ' ಎಂಬ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿರುತ್ತದೆ.)

ನನ್ನ ಹಿಂದೆ ಒಂದು ಪಿಕಪ್ ಬಂದು ನಿಂತಿತು. ಹಾರ್ನ್ ಗೀರ್ನ್ ಏನಿಲ್ಲ. ಡ್ರೈವರ್ ಇಂಜಿನ್ ಆರಿಸಿ, ಎಲೆ ಅಡಿಕೆ ಬಿಚ್ಚಿ ಕವಳ ಹಾಕಲು ಕುಳಿತ. ಅವನಿಗೂ ಗೊತ್ತು, ಅಕ್ಕ ತಮ್ಮ ಮಾತಿಗೆ ನಿಂತರೆ ಬೇಗ ಮುಗಿಯುವುದಿಲ್ಲ.

ರಾಘು ತನ್ನ ಕಿಟಕಿಯಿಂದ ನನ್ನ ಕಿಟಕಿಗೆ ಇಡೀ ಬುಟ್ಟಿಯನ್ನೇ ದಾಟಿಸಿದ. "ನಿಮ್ಮನಿಗೇ ಹೋಗಿದ್ದೆ ಅಕ್ಕಾ, ಬೀಗ ಹಾಕಿತ್ತು. ಎರಡೂ ಕೈಯಲ್ಲಿ ಹಿಡ್ಕ. ಮಿಡಿಗೆ ಪೆಟ್ಟಾಗ್ಬಾರ್ದು."

ಮಿಡಿಗೆ ಪೆಟ್ಟಾಗಬಾರದು. ಈ ಮಾತನ್ನು ಕೇಳುತ್ತಲೇ ಬೆಳೆದವಳು ನಾನು. ಪೆಟ್ಟು ತಿಂದ ಒಂದೇ ಒಂದು ಮಿಡಿ ಸೇರಿದರೂ ಇಡೀ ಭರಣಿಯ ಉಪ್ಪಿನಕಾಯಿ ಹಾಳು. ಹಾಗಾಗಿ ಎರಡೂ ಕೈ ಚಾಚಿದೆ. ಕೈ ಚಾಚಿದಾಗ ಮೈ ತಿರುಗಿತು, ಮೈ ತಿರುಗಿದಾಗ ಕಾಲು ಎದ್ದಿತು. ಬ್ರೇಕಿನ ಮೇಲಿದ್ದ ಕಾಲು. ಹ್ಯಾಂಡ್‌ಬ್ರೇಕ್ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು. ನನ್ನ ಕಾರಿನಲ್ಲಿ ಅದು ಬಹಳ ಕಾಲದಿಂದ ಅಲಂಕಾರಕ್ಕಿದೆ.

ಬುಟ್ಟಿ ನನ್ನ ತೊಡೆಯ ಮೇಲೆ ಬಂದು ಕೂರುವ ಹೊತ್ತಿಗೆ ಕಾರು ಹಿಂದಕ್ಕೆ ಜಾರಿ ಪಿಕಪ್ಪಿನ ಮೂತಿಗೆ ಹೋಗಿ ಕೂತಿತ್ತು. ಜಾರುವಾಗ ನಾನು ಸ್ಟೀರಿಂಗ್ ಹಿಡಿಯಲಿಲ್ಲ, ಬ್ರೇಕ್ ಒತ್ತಲಿಲ್ಲ, ಬುಟ್ಟಿಯನ್ನು ಅಪ್ಪಿಕೊಂಡಿದ್ದೆ. ಒಂದು ಮಿಡಿಯೂ ಕೆಳಗೆ ಬೀಳಲಿಲ್ಲ.

ಪಿಕಪ್ಪಿನ ಮುಂದೆ ಕಬ್ಬಿಣದ ಗಾರ್ಡ್ ಇತ್ತು, ಅದಕ್ಕೆ ಏನೂ ಆಗಲಿಲ್ಲ. ನನ್ನ ಕಾರಿನ ಹಿಂಬಾಗಿಲು ಒಳಗೆ ಹೋಯಿತು, ಗಾಜು ಪುಡಿಯಾಯಿತು, ಬಂಪರ್ ಒಂದು ಕಡೆ ಜೋತುಬಿತ್ತು. ಡ್ರೈವರ್ ಇಳಿದು ಬಂದ. ಬೈಯಲಿಲ್ಲ. ಮಾತು ಮುಗಿಯಲಿ ಎಂದು ಕಾಯುತ್ತಿದ್ದೆ, ಅಷ್ಟರಲ್ಲಿ ನೀವೇ ಬಂದುಬಿಟ್ಟಿರಿ ಎಂದ. ಆಮೇಲೆ ಬುಟ್ಟಿಗೆ ಕೈ ಹಾಕಿ, ಒಂದು ಮಿಡಿಯ ತೊಟ್ಟು ಮುರಿದು ಮೂಸಿ, ಜೀರಿಗೆ ಪರಿಮಳ ಇದೆ ಎಂದು ಸರ್ಟಿಫಿಕೇಟನ್ನೂ ಕೊಟ್ಟು ಹೋದ.

ಇನ್ಶೂರೆನ್ಸಿನವರು ಕಾರನ್ನು ಶಿವಮೊಗ್ಗದ ವರ್ಕ್‌ಶಾಪಿಗೆ ತಂದು ತೋರಿಸಿ ಎಂದರು. ಸರಿ ಎಂದೆ. ಒಡೆದ ಗಾಜಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಬಂಪರನ್ನು ಬಟ್ಟೆ ಒಣಹಾಕುವ ಹಗ್ಗದಲ್ಲಿ ಬಿಗಿದು, ನಾನೇ ಓಡಿಸಿಕೊಂಡು ಹೋದೆ. ಪಕ್ಕದಲ್ಲಿ ನಮ್ಮನೆಯವರು. ಅವರು ರಿಟೈರ್ ಆಗಿದ್ದಾರೆ. ಫೋನಿನಲ್ಲಿ ಹೊಸ ಕಾರುಗಳ ವಿಡಿಯೋ ನೋಡುವುದೇ ಈಗ ಅವರ ಉದ್ಯೋಗ.

ಹೊಸ ಬಾಗಿಲು, ಹೊಸ ಗಾಜು, ಹೊಸ ಬಂಪರ್, ಪೇಂಟು ಎಂದೆಲ್ಲ ಸೇರಿಸಿ ವರ್ಕ್‌ಶಾಪಿನವರು ಕೊಟ್ಟ ಎಸ್ಟಿಮೇಟು ಕಾರಿನ ಬೆಲೆಯನ್ನೇ ಮೀರಿತ್ತು. ಇನ್ಶೂರೆನ್ಸಿನ ಸರ್ವೇಯರ್ ಚಿಕ್ಕ ವಯಸ್ಸಿನವರು, ಸಭ್ಯರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ನಮ್ಮನೆಯವರಿಗೆ ಹೇಳಿದರು, "ಸರ್, ಇದು ಟೋಟಲ್ ಲಾಸ್. ಗಾಡಿ ಮುಗೀತು."

ಮುಗಿದ ಗಾಡಿಯನ್ನು ಸಾಗರದಿಂದ ಇಲ್ಲಿಯವರೆಗೆ ಓಡಿಸಿಕೊಂಡು ಬಂದದ್ದು ಯಾರು ಎಂದು ಕೇಳಿದೆ. ವಾಪಸ್ ಹೋಗುವಾಗ ಹುಷಾರು ಮೇಡಂ ಎಂದರು.

ರಿಪೇರಿಯ ಖರ್ಚು ಬೆಲೆಯನ್ನು ಮೀರಿದರೆ ವಸ್ತು ಮುಗಿದಂತೆ. ಇದಪ್ಪಾ ಲೆಕ್ಕ! ಈ ಲೆಕ್ಕದಲ್ಲಿ ನನ್ನ ಅತ್ತೆಯವರು ಎರಡನೇ ಮಂಡಿಯ ಆಪರೇಷನ್ನಿಗೇ ಟೋಟಲ್ ಲಾಸ್. ಈ ಸರ್ವೇಯರನ್ನು ಕರೆದುಕೊಂಡು ಹೋಗಿ ಇಕ್ಕೇರಿಯ ಹಳೇ ದೇವಸ್ಥಾನದ ಮುಂದೆ ನಿಲ್ಲಿಸಿದರೆ ಏನು ಬರೆದಾರು? ನಾವು ಭರಣಿಯ ಬಾಯಿ ಒಡೆದರೆ ಅದರಲ್ಲಿ ತುಳಸಿ ನೆಡುವ ಜನ. ನಮ್ಮಲ್ಲಿ ಯಾವ ವಸ್ತು ತಾನೇ ಅಷ್ಟು ಸುಲಭಕ್ಕೆ ಮುಗಿದಿದೆ?

ಕಾರು ಬಿಟ್ಟುಕೊಟ್ಟರೆ ಕಂಪನಿ ಇಷ್ಟು ಕೊಡುತ್ತದೆ, ನೀವೇ ಇಟ್ಟುಕೊಂಡರೆ ಕೊಡುವುದು ಕಮ್ಮಿ, ಯೋಚಿಸಿ ಹೇಳಿ ಎಂದರು ಸರ್ವೇಯರ್. ಯೋಚಿಸುವುದೇನು? ನಮ್ಮನೆಯವರು ಆಗಲೇ ಎದುರಿನ ಶೋರೂಮಿನತ್ತ ನಡೆಯುತ್ತಿದ್ದರು. ಹೇಗೂ ಶಿವಮೊಗ್ಗಕ್ಕೆ ಬಂದಿದ್ದೇವಲ್ಲ, ನೋಡಲು ದುಡ್ಡು ಕೊಡಬೇಕಾ ಎಂಬ ವಾದ ಬೇರೆ.

ಶೋರೂಮಿನಲ್ಲಿ ಕೀ ಕೊಟ್ಟದ್ದು ಅವರ ಕೈಗೆ. ನನಗೆ ಹಿಂದಿನ ಸೀಟಿನ ಬಾಗಿಲು ತೆಗೆದು, ಕಾಲು ಚಾಚಿ ನೋಡಿ ಮೇಡಂ, ಎಷ್ಟು ಜಾಗ ಇದೆ ಎಂದರು. ಆಮೇಲೆ ಮುಂದಿನ ಎಡಗಡೆ ಸೀಟಿಗೆ ಬಡ್ತಿ ಸಿಕ್ಕಿತು. ಬಿಸಿಲಿಗೆ ಅಡ್ಡ ಹಿಡಿಯುವ ಹಲಗೆಯನ್ನು ಕೆಳಗಿಳಿಸಿ ಅದರ ಒಳಗಿನ ಕನ್ನಡಿ ತೋರಿಸಿ, ಇದು ನಿಮಗಂತಲೇ ಕೊಟ್ಟಿರುವುದು ಎಂದರು. ಅಷ್ಟು ದೊಡ್ಡ ಕಾರಿನಲ್ಲಿ ನನಗಂತ ಇದ್ದದ್ದು ಅಂಗೈಯಗಲದ ಕನ್ನಡಿ.

ನಮ್ಮನೆಯವರು ಸ್ಟೀರಿಂಗ್ ಸವರುತ್ತಿದ್ದರು. ಮದುವೆಯಾದ ಹೊಸದರಲ್ಲೂ ಅವರ ಮುಖದಲ್ಲಿ ಆ ಕಳೆ ನಾನು ಕಂಡಿರಲಿಲ್ಲ. ನನ್ನ ಕಡೆ ತಿರುಗಿ ಬಹಳ ಪ್ರೀತಿಯಿಂದ ಹೇಳಿದರು, "ಇನ್ನು ನಿಂಗೆ ಆ ಕಷ್ಟ ಎಲ್ಲ ಬ್ಯಾಡ. ಪಕ್ಕದಲ್ಲಿ ಆರಾಮಾಗಿ ಕೂತ್ಕ."

ಮೈಯೆಲ್ಲ ಉರಿಯಿತು. ಉರಿಗಿಂತ ಹೆಚ್ಚಾಗಿ ಹೆದರಿಕೆ ಆಯಿತು, ಸುಳ್ಳು ಯಾಕೆ ಹೇಳಲಿ. ಇವರ ಹಳೆಯ ಕಾರು ಮಾರುವ ಮೊದಲು ಪಕ್ಕದಲ್ಲಿ ಕೂತ ಕಾಲ ನನಗೆ ಚೆನ್ನಾಗಿ ನೆನಪಿದೆ. ಆಗ ತೀರ್ಥಹಳ್ಳಿಯಲ್ಲಿರುವ ಅಕ್ಕನನ್ನು ನೋಡಬೇಕೆಂದರೆ ಇವರಿಗೆ ರಜೆ ಇರಬೇಕು, ಮನಸ್ಸಿರಬೇಕು, ಟಿವಿಯಲ್ಲಿ ಮ್ಯಾಚ್ ಇರಬಾರದು. ಹೋದರೂ ಕಾಫಿ ಲೋಟ ಕೆಳಗಿಡುವುದರೊಳಗೆ 'ಹೊರಡಾಣನಾ?' ಬೇಕಾದಲ್ಲಿ ನಿಲ್ಲಿಸುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ನನ್ನ ಸಂಬಳದಲ್ಲಿ ನನ್ನ ಹೆಸರಿಗೆ ಈ ಕಾರು ತಗೊಂಡು, ತಲೆಗೂದಲು ಬೆಳ್ಳಗಾಗುವ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತ ಮೇಲೇ ನಾನು ಅಕ್ಕನ ಜೊತೆ ಹೊಟ್ಟೆತುಂಬ ಹರಟಿದ್ದು. ಇದು ಹೋದರೆ ಬರುವುದು 'ನಮ್ಮ ಕಾರು'. ನಮ್ಮ ಕಾರನ್ನು ಯಾರು ಓಡಿಸುತ್ತಾರೆ ಎಂದು ಯಾವ ಮನೆಯ ಹೆಂಗಸಿಗೆ ಬಿಡಿಸಿ ಹೇಳಬೇಕು?

ಹೊರಗೆ ಬಂದು ಹೇಳಿದೆ, "ನಿಮಗೆ ಬೇಕಾದ್ರೆ ಹೊಸದು ತಗಳಿ. ನನ್ ಕಾರು ನಾನು ಕೊಡಲ್ಲ." ವಾಪಸ್ ಬರುವ ದಾರಿಯುದ್ದಕ್ಕೂ ಕಾರಿನಲ್ಲಿ ಮಾತಾಡಿದ್ದು ಹಿಂದಿನ ಪ್ಲಾಸ್ಟಿಕ್ ಹಾಳೆ ಮಾತ್ರ.

ಸಾಗರದ ಗ್ಯಾರೇಜಿನ ಮಂಜಣ್ಣನಿಗೆ ತೋರಿಸಿದರೆ ಅವನೂ ಸರ್ವೇಯರರ ಪಾರ್ಟಿ. ಕೊಟ್ಟುಬಿಡಿ ಮೇಡಂ, ಈ ಮಾಡೆಲಿನ ಬಾಗಿಲು ಎಲ್ಲೂ ಸಿಗಲ್ಲ ಎಂದ. ಹುಡುಕು ಎಂದೆ. ಹುಡುಕುತ್ತೇನೆ ಎಂದವನು ಮದುವೆ ಸೀಸನ್ನಿನಲ್ಲಿ ಕಾಣೆಯಾದ. ಕಾರು ಗ್ಯಾರೇಜಿನ ಮೂಲೆಯಲ್ಲಿ ಹಿಂದುಗಡೆ ಬಾಯಿ ತೆರೆದುಕೊಂಡು ನಿಂತಿತು. ಅಲ್ಲಿಯ ಬೆಕ್ಕು ಹಿಂದಿನ ಸೀಟಿನಲ್ಲಿ ಮರಿ ಹಾಕಿತು. (ಮುಗಿದ ಗಾಡಿಯಲ್ಲಿ!) ಮರಿಗಳು ಕಣ್ಣು ಬಿಡುವವರೆಗೆ ಗಾಡಿ ಮುಟ್ಟುವ ಹಾಗಿಲ್ಲ ಎಂಬ ಹೊಸ ಸಬೂಬು ಮಂಜಣ್ಣನಿಗೆ ಸಿಕ್ಕಿತು.

ಇತ್ತ ಮನೆಯಲ್ಲಿ ಇನ್ನೊಂದು ಬೆಳವಣಿಗೆ. ನಾನು ಬಸ್ಸಿಗೆ ಹೋಗಬೇಕಲ್ಲ? ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಿಡುವವರು ಯಾರು? ರಿಟೈರ್ ಆದ ಮೇಲೆ ಸೂರ್ಯೋದಯವನ್ನೇ ಕಾಣದ ನಮ್ಮನೆಯವರು ಮಂಕಿ ಕ್ಯಾಪ್ ಹಾಕಿಕೊಂಡು ಸ್ಕೂಟರ್ ಸ್ಟಾರ್ಟ್ ಮಾಡಬೇಕಾಯಿತು. ಸಂಜೆ ಮತ್ತೆ ಹಾಜರಿ. ಬಸ್ಸು ತಡವಾದರೆ ಅಲ್ಲೇ ತಪಸ್ಸು. ನಡುವೆ ನನಗೆ ತೆಂಗಿನಕಾಯಿ ನೆನಪಾಗುವುದು, ಹಾಲು ನೆನಪಾಗುವುದು. (ಕೆಲವು ಸಲ ಬೇಕಂತಲೇ ನೆನಪಾಗುವುದು.) ನನ್ನ ಕಾರು ಅವರಿಗೆ ಎಷ್ಟು ವಿಶ್ರಾಂತಿ ಕೊಟ್ಟಿತ್ತು ಎಂಬುದು ಅವರಿಗೆ ನಿಧಾನಕ್ಕೆ ಅರ್ಥವಾಯಿತು.

ಒಂದು ದಿನ ಹೇಳದೆ ಕೇಳದೆ ತೀರ್ಥಹಳ್ಳಿಗೆ ಹೋದರು. ಅಲ್ಲಿ ಅವರ ಸ್ನೇಹಿತರ ಡ್ರೈವಿಂಗ್ ಸ್ಕೂಲ್ ಇದೆ. ಅದರ ಹಳೆಯ ಕಾರೊಂದು, ನನ್ನದೇ ಮಾಡೆಲ್, ಯಾರೋ ಕಲಿಯುವಾಗ ಮರಕ್ಕೆ ಮುತ್ತಿಟ್ಟು ಮುಂಭಾಗ ಕಳೆದುಕೊಂಡು ನಿಂತಿತ್ತು. ಹಿಂಭಾಗಕ್ಕೆ ಏನೂ ಆಗಿರಲಿಲ್ಲ. ಇವರು ಹಿಂಬಾಗಿಲು ಬಿಚ್ಚಿಸಿಕೊಂಡು ಬಸ್ಸು ಹತ್ತಿದರು. ಟಾಪಿನ ಮೇಲೆ ಹಾಕಿ ಎಂದನಂತೆ ಕಂಡಕ್ಟರು. ಬೇಡ, ಗಾಜಿದೆ, ಪೆಟ್ಟಾಗಬಾರದು ಎಂದು ಹೊಸನಗರದ ಮೇಲಾಗಿ ಸಾಗರದವರೆಗೂ ತೊಡೆಯ ಮೇಲಿಟ್ಟುಕೊಂಡು ಕೂತರಂತೆ. ಬಾಗಿಲಿಗೆ ಲಗೇಜ್ ಟಿಕೆಟ್ ಬೇರೆ.

ಆ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಾನು ಒಂದು ಬಸ್ಸಿನಿಂದ ಇಳಿದರೆ, ಇನ್ನೊಂದರಿಂದ ಬಾಗಿಲನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಇವರು ಇಳಿಯುತ್ತಿದ್ದರು. ಓಡಿಹೋಗಿ ಬಾಗಿಲಿನ ಒಂದು ತುದಿ ನಾನು ಹಿಡಿದೆ. ನಿದ್ದೆ ಕೆಟ್ಟದ್ದಕ್ಕೆ ತಂದರೋ ನನಗಾಗಿ ತಂದರೋ, ಕೇಳಲಿಲ್ಲ. ತೊಡೆ ಜೋಮು ಹಿಡಿದಿದೆ, ಮಾತಾಡಿಸಬೇಡ ಎಂದರು.

ಈಗ ನನ್ನ ಬಿಳಿ ಕಾರಿಗೆ ಹಸಿರು ಹಿಂಬಾಗಿಲು. ಮಂಜಣ್ಣ ಹ್ಯಾಂಡ್‌ಬ್ರೇಕನ್ನೂ ಸರಿ ಮಾಡಿದ. ಬಾಗಿಲಿನ ಮೇಲೆ ಡ್ರೈವಿಂಗ್ ಸ್ಕೂಲಿನ ದೊಡ್ಡ ಕೆಂಪು 'ಎಲ್' ಅಕ್ಷರ ಹಾಗೇ ಉಳಿದಿದೆ. ಕೆರೆಸಿ ಪೇಂಟ್ ಮಾಡಿಸೋಣ ಎಂದು ಅವನು ಹೇಳಿದ, ಮತ್ತೆ ಅವನ ಕೈಗೆ ಕಾರು ಕೊಡುವಷ್ಟು ಧೈರ್ಯ ನನಗಿರಲಿಲ್ಲ. ಅದೂ ಅಲ್ಲದೆ ಈ ಎಲ್ ಕಂಡರೆ ಹಿಂದಿನವರು ಮಾರು ದೂರ ನಿಲ್ಲುತ್ತಾರೆ. ರಸ್ತೆ ಮಧ್ಯ ನಿಂತು ಮಾತಾಡುವವಳಿಗೆ ಇದಕ್ಕಿಂತ ಒಳ್ಳೆಯ ಇನ್ಶೂರೆನ್ಸ್ ಯಾವುದಿದೆ?

ಕಳೆದ ವಾರ ಅಕ್ಕನ ಮನೆಗೆ ಹೊರಟೆವು. ಉಪ್ಪಿನಕಾಯಿ ಹದಕ್ಕೆ ಬಂದಿತ್ತು. ಅಕ್ಕನಿಗೊಂದು, ಬಾಗಿಲು ಕೊಟ್ಟ ಸ್ನೇಹಿತರಿಗೊಂದು, ಎರಡು ಭರಣಿಗಳನ್ನು ನಮ್ಮನೆಯವರು ಪಕ್ಕದ ಸೀಟಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹೊಸನಗರ ದಾಟಿದ ಮೇಲೆ ಹಿಂದಿನಿಂದ ಜೀಪಿನ ಹಾರ್ನ್. ರಾಘು. ಪಕ್ಕಕ್ಕೆ ತಂದು ನಿಲ್ಲಿಸಿದ. ನಾನೂ ನಿಲ್ಲಿಸಿದೆ, ಹ್ಯಾಂಡ್‌ಬ್ರೇಕ್ ಎಳೆದು. ಎದುರಿನಿಂದ ಬಂದ ಬಸ್ಸು ಸುಮ್ಮನೆ ನಿಂತು ಕಾಯತೊಡಗಿತು.

ರಾಘು ಹಿಂದಿನ ಎಲ್ ಅಕ್ಷರ ನೋಡಿಕೊಂಡೇ ಬಂದಿದ್ದ. ಬಗ್ಗಿ, ನನ್ನಾಚೆಗೆ ನೋಡುತ್ತ ನಮ್ಮನೆಯವರನ್ನು ಕೇಳಿದ, "ಎಂತ ಭಾವ, ಈ ವಯಸ್ಸಲ್ಲಿ ಅಕ್ಕಂಗೆ ಡ್ರೈವಿಂಗ್ ಕಲಿಸ್ತಾ ಇದೀರಾ?"

ನಮ್ಮನೆಯವರು ಭರಣಿಗಳನ್ನು ಭದ್ರ ಮಾಡಿಕೊಂಡು ಹೇಳಿದರು, "ಇಲ್ಲ ಮಾರಾಯ. ಪಕ್ಕದಲ್ಲಿ ಕೂರೋದು ನಾನು ಕಲೀತಾ ಇದೀನಿ."

ಪಾಸಾಗುತ್ತಾರಾ? ಈಗಲೇ ಹೇಳಲಾರೆ, ತಿರುವು ಬಂದಾಗಲೆಲ್ಲ ಇನ್ನೂ ಬಲಗಾಲಿನಲ್ಲಿ ನೆಲ ಒತ್ತುತ್ತಾರೆ.