ನೀಲಿ ಗವಸಿನೊಳಗಿನ ಕೈ

ಬೆಳಗಿನ ಐದು ಗಂಟೆ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಯಂತ್ರಗಳಿನ್ನೂ ಶುರುವಾಗಿಲ್ಲ. ವಾರ್ಡುಗಳಿಂದ ಬಂದ ಕೊಳೆ ಬಟ್ಟೆಯ ಗಂಟುಗಳು ಎದೆಮಟ್ಟ ಬಿದ್ದಿವೆ. ಚಿಕ್ಕಮ್ಮ ಮೊಣಕೈವರೆಗೆ ನೀಲಿ ರಬ್ಬರ್ ಗವಸು ಏರಿಸಿಕೊಂಡು ಮೊದಲನೇ ಗಂಟನ್ನು ಹಿಡಿಯುತ್ತಾರೆ. ಬಿಚ್ಚುವುದಿಲ್ಲ. ಮೇಜಿನಿಂದ ಒಂದು ಗೇಣು ಮೇಲೆತ್ತಿ ಹಾಗೇ ನಿಲ್ಲುತ್ತಾರೆ. ಎರಡನೆಯದು, ಮೂರನೆಯದು. ಏಳನೆಯದು ಎಡಕ್ಕೆ ಒಂದಿಷ್ಟು ವಾಲುತ್ತದೆ. ಅಂಚಿನಿಂದ ಪದರ ಪದರವಾಗಿ ಬಿಚ್ಚಿ ಚಿಮಟದಿಂದ ಎತ್ತಿದರೆ, ಸೂಜಿ ಸಮೇತ ಒಂದು ಸಿರಿಂಜು.

“ಬರೀ ಬಟ್ಟೆಯಿದ್ರೆ ಗಂಟು ನೆಟ್ಟಗೆ ತೂಗುತ್ತೆ. ಒಳಗೆ ಬೇರೆ ಏನಾದ್ರೂ ಇದ್ರೆ ಚಾಡಿ ಹೇಳುತ್ತೆ” ಎಂದು, ತಮ್ಮ ಬಗ್ಗೆ ಬರೆಯಲು ಬಂದವರಿಗೆ ಹೇಳುತ್ತಾರೆ.

ಮನೆಯಲ್ಲೂ ಕೆಲಸದಲ್ಲೂ ಎಲ್ಲರಿಗೂ ಇವರು ಚಿಕ್ಕಮ್ಮನೇ. ಬಟ್ಟೆ ಯಂತ್ರಕ್ಕೆ ಹೋಗುವ ಮುನ್ನ ಬೇರ್ಪಡಿಸುವ ಕೆಲಸ ಇವರದು. ಹತ್ತೊಂಬತ್ತು ವರ್ಷವಾಯಿತು. ದಿನಕ್ಕೆ ಇನ್ನೂರೈವತ್ತು ಗಂಟು, ವಾರ್ಡು ತುಂಬಿದ್ದರೆ ಮುನ್ನೂರು. ಕಳೆದ ವರ್ಷ ಸಿಕ್ಕಿದ್ದು ಎಂಬತ್ಮೂರು ಸೂಜಿ, ಒಂಬತ್ತು ಕತ್ತರಿ, ಎರಡು ಜೊತೆ ಕಟ್ಟಿಸಿದ ಹಲ್ಲು. ಹಲ್ಲಿನವರು ಕೇಳಿಕೊಂಡು ಬರಲೇ ಇಲ್ಲ. “ಊಟ ಹೇಗೆ ಮಾಡ್ತಿದಾರೋ ಪಾಪ” ಎಂದು ನಗುತ್ತಾರೆ. ಬಲ ಭುಜ ಈಗೀಗ ಕೈಕೊಡುತ್ತಿದೆ. ಹೊಸಬರಿಗೆ ಕೆಲಸ ಕಲಿಸಲು ಆಸ್ಪತ್ರೆ ಒಬ್ಬರನ್ನು ನೇಮಿಸುತ್ತದಂತೆ ಎಂಬ ಸುದ್ದಿ ಬಂದಾಗಿನಿಂದ ಅವರ ಆಸೆಯೆಲ್ಲ ಅದರ ಮೇಲೆಯೇ.

ಆ ಆಸೆಗೆ ಅಡ್ಡ ಬಂದದ್ದು ಒಂದು ಸಿನಿಮಾ.

ಎರಡು ವರ್ಷದ ಹಿಂದೆ ಸಾಕ್ಷ್ಯಚಿತ್ರ ತೆಗೆಯುವ ಹುಡುಗಿಯೊಬ್ಬಳು ಇಲ್ಲಿಗೆ ಬಂದಿದ್ದಳು. ದೂರ ನಿಂತು ತೆಗೆಯುವ ಜಾತಿಯವಳಲ್ಲ. ನಲವತ್ತು ದಿನ ತಾನೇ ಕೆಲಸದವಳಾಗಿ ದುಡಿದು, ಹಣೆಗೆ ಕಟ್ಟಿಕೊಂಡ ಪುಟ್ಟ ಕ್ಯಾಮೆರಾದಲ್ಲಿ ತಾನು ಕಂಡದ್ದನ್ನೇ ಹಿಡಿದು, ‘ನಾನು’ ಎಂದೇ ಕಥೆ ಹೇಳುವುದು ಅವಳ ಪದ್ಧತಿ. ಹುಡುಗಿ ಒಳ್ಳೆಯವಳು. ನೆಲದ ಮೇಲೆ ಕೂತು ಇವರ ಡಬ್ಬಿಯಲ್ಲೇ ಕೈಹಾಕಿ ಉಂಡಳು. ನಾಲ್ಕನೇ ದಿನ ಗಂಟಿಗೆ ಅಂಗೈ ಒತ್ತಿದಳು. ಗವಸನ್ನೂ ತೂರಿ ಸೂಜಿ ಚುಚ್ಚಿತು. ರಕ್ತಪರೀಕ್ಷೆ, ಮಾತ್ರೆ, ಅಳು. ಮತ್ತೆ ಗಂಟು ಮುಟ್ಟುವ ಧೈರ್ಯ ಅವಳಿಗೆ ಬರಲಿಲ್ಲ. ಸಿನಿಮಾ ಅಲ್ಲಿಗೇ ನಿಲ್ಲುತ್ತದೆಂದು ಬಿಕ್ಕಿದವಳನ್ನು ನೋಡಲಾಗದೆ ಚಿಕ್ಕಮ್ಮನೇ ಬಾಯಿಬಿಟ್ಟರು: “ಆ ಕ್ಯಾಮೆರಾ ನನ್ನ ಹಣೆಗೇ ಕಟ್ಟು. ಗವಸು ಹಾಕಿದ್ಮೇಲೆ ಕೈ ಯಾರದ್ದು ಅಂತ ಯಾರಿಗೆ ಗೊತ್ತಾಗುತ್ತೆ?”

ಯಾರಿಗೂ ಗೊತ್ತಾಗಲಿಲ್ಲ. ಮೂವತ್ತಾರು ದಿನ ಚಿಕ್ಕಮ್ಮನ ಹಣೆಯಲ್ಲಿದ್ದ ಕ್ಯಾಮೆರಾ ಚಿಕ್ಕಮ್ಮನ ಕೈಗಳನ್ನು ಹಿಡಿಯಿತು. ಸಿನಿಮಾ ಬಂತು, ಬಹುಮಾನ ಬಂತು. ಕೈಗಳು ತಟ್ಟನೆ ನಿಂತು, ಗಂಟಿನೊಳಗಿಂದ ಸೂಜಿ ತೆಗೆಯುವ ದೃಶ್ಯವನ್ನು ಜನ ಮತ್ತೆ ಮತ್ತೆ ನೋಡಿದರು. ಅದರ ಮೇಲೆ ಹುಡುಗಿಯ ದನಿ: ‘ಅಂದು ನನ್ನ ಕೈಗಳು ಕಣ್ಣಿಗಿಂತ ಮೊದಲೇ ತಿಳಿದುಕೊಂಡವು.’ ಗೆದ್ದಲು ಕಟ್ಟಿದ ಹುತ್ತ ಹಾವಿನ ಮನೆಯಾಗುವುದು ಹೊಸ ಕಥೆಯೇನಲ್ಲ. ಆದರೆ ಇಲ್ಲಿ ಹಾವನ್ನು ಕರೆದು ಕೂರಿಸಿದ್ದು ಗೆದ್ದಲೇ.

ಮನೆಯಲ್ಲಿ ಓರಗಿತ್ತಿ ಫೋನಿನಲ್ಲಿ ಅದನ್ನು ಮೂರು ಸಲ ನೋಡಿದಳು. “ನೋಡು, ನಲವತ್ತೇ ದಿನಕ್ಕೆ ಎಷ್ಟು ಚೆನ್ನಾಗಿ ಕಲ್ತಿದಾಳೆ. ನೀನೂ ಇದನ್ನೇ ಮಾಡ್ತೀಯ, ಹತ್ತೊಂಬತ್ತು ವರ್ಷದಿಂದ” ಎಂದಳು. ಚಿಕ್ಕಮ್ಮ ಎದ್ದು ಹೋಗಿ, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದರು. ಯಾರಿಗೂ ಹೇಳುವುದಿಲ್ಲವೆಂದು ಹುಡುಗಿಗೆ ಮಾತು ಕೊಟ್ಟಾಗಿತ್ತು. ಬಾಯಿಗೆ ಬೀಗ, ಹೊಟ್ಟೆಯಲ್ಲಿ ಕಿಚ್ಚು.

“ಹೌದು, ಹೊಟ್ಟೆಕಿಚ್ಚೇ. ಸುಳ್ಳು ಯಾಕೆ ಹೇಳ್ಲಿ? ಅವಳ ಬಹುಮಾನ ನನಗೆ ಬೇಡ. ಆದ್ರೆ ನನ್ನ ಕೈನ ಜನ ಹೊಗಳ್ತಿದ್ರೆ ನಾನೇ ಬೇರೆಯವರ ಹಾಗೆ ಕೂತು ಕೇಳಬೇಕಲ್ಲ. ಅವಳ ಫೋಟೋ ಕಂಡ್ರೆ ಪೇಪರ್ ಮಗುಚಿ ಹಾಕ್ತಿದ್ದೆ.”

ಇಷ್ಟನ್ನಾದರೂ ತಡೆದುಕೊಳ್ಳುತ್ತಿದ್ದರೇನೋ. ಆದರೆ ಕಳೆದ ತಿಂಗಳು ಎಂಟು ಜನ ಹೊಸಬರು ಸೇರಿದಾಗ ಮ್ಯಾನೇಜರ್, “ಕಲಿಸೋಕೆ ಬೇರೆ ಆಳು ಯಾಕೆ? ಸಿನಿಮಾ ತೋರಿಸಿದ್ರೆ ಸಾಕು. ಅದನ್ನ ತೆಗೆದ ಹುಡುಗೀನೇ ಒಂದು ದಿನ ಕರೆಸೋಣ” ಎಂದುಬಿಟ್ಟರು. ಕೈಗಳ ಹೆಸರು ಹೋಗಿತ್ತು, ಈಗ ಆ ಕೈಗಳಿಗೆ ಬರಬೇಕಾದ ಕೆಲಸವೂ ಹೊರಟಿತು.

ಹುಡುಗಿ ಬಂದಳು. ಚಿಕ್ಕಮ್ಮನನ್ನು ಹಿಂದಿನ ಸಾಲಿನಲ್ಲಿ ಕಂಡು ಅವಳ ಮುಖ ಸಣ್ಣದಾಯಿತು. ಸಿನಿಮಾ ಮುಗಿಯುತ್ತಲೇ ಹೊಸಬರಲ್ಲೊಬ್ಬಳು, “ಒಂದ್ಸಲ ಮಾಡಿ ತೋರಿಸಿ ಮೇಡಂ” ಎಂದಳು. ಮ್ಯಾನೇಜರ್ ಉತ್ಸಾಹದಿಂದ ಆಪರೇಷನ್ ವಾರ್ಡಿನ ಗಂಟೊಂದನ್ನು ಎತ್ತಿ ತಂದು ಮೇಜಿನ ಮೇಲಿಟ್ಟರು. ತರುವಾಗಲೇ ಅದು ಬಲಕ್ಕೆ ವಾಲಿದ್ದು ಹಿಂದೆ ನಿಂತಿದ್ದ ಒಬ್ಬರಿಗೆ ಮಾತ್ರ ಕಂಡಿತು. ಹುಡುಗಿ ಗವಸು ತೊಟ್ಟು, ಮೊದಲಿನ ಹಾಗೇ ಅಂಗೈ ಚಾಚಿದಳು.

“ಮುಟ್ಟಬೇಡ.”

ಚಿಕ್ಕಮ್ಮ ಮುಂದೆ ಬಂದು ಗಂಟನ್ನು ಗೇಣೆತ್ತರ ಎತ್ತಿ, ವಾಲುವುದನ್ನು ಎಂಟೂ ಜನಕ್ಕೆ ತೋರಿಸಿ, ಅಂಚಿನಿಂದ ಬಿಚ್ಚಿದರು. ಒಳಗಿದ್ದದ್ದು ಹಿಡಿ ಸಮೇತ ಒಂದು ಆಪರೇಷನ್ ಚಾಕು. ಹುಡುಗಿ ಗವಸು ಕಳಚಿ ಹೇಳಿದಳು: “ಸಿನಿಮಾದಲ್ಲಿರೋದು ನನ್ನ ಕೈ ಅಲ್ಲ. ಇವರದು. ನಾನು ಗಂಟು ಮುಟ್ಟಿದ್ದು ನಾಲ್ಕೇ ದಿನ.” ಮ್ಯಾನೇಜರ್ ಕೆಮ್ಮಿದರು. ಎಂಟು ಜನರೂ ಚಿಕ್ಕಮ್ಮನ ಕೈಯನ್ನೇ ನೋಡಿದರು.

ಈಗ ಹನ್ನೊಂದರಿಂದ ಒಂದು ಗಂಟೆಯವರೆಗೆ ಚಿಕ್ಕಮ್ಮ ಕಲಿಸುತ್ತಾರೆ. ಹುದ್ದೆಯ ಕಾಗದ ಇನ್ನೂ ಬಂದಿಲ್ಲ. ಕೂರಲು ಕುರ್ಚಿ ಮಾತ್ರ ಬಂದಿದೆ. ಓರಗಿತ್ತಿಗೆ ವಿಷಯ ತಿಳಿದು, “ಮೊದಲೇ ಅನ್ನಿಸಿತ್ತು ನನಗೆ” ಎಂದಳಂತೆ. ಚಿಕ್ಕಮ್ಮನಿಗೆ ಅದಕ್ಕೂ ಸಿಟ್ಟು.

ಇಷ್ಟು ಹೇಳಿ, ಹೊಗಳಿಕೆಯ ಮಾತು ಬರುತ್ತದೆಂದು ಗೊತ್ತಾದವರಂತೆ ಗವಸಿನ ಕೈ ಅಡ್ಡ ಹಿಡಿಯುತ್ತಾರೆ.

“ತಾಳಿ. ಗಂಟು ವಾಲಿದ್ದು ಕಂಡ ಕೂಡಲೇ ನಾನು ಕೂಗ್ಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದೆ. ಚುಚ್ಚಲಿ, ಗೊತ್ತಾಗ್ಲಿ ಅನ್ನಿಸ್ತು. ಆಮೇಲೆ ಕೂಗಿದ್ದು. ಅದನ್ನೂ ಬರೀರಿ.” ಮುಂದಿನ ಗಂಟಿಗೆ ಕೈ ಹಾಕಿದವರು ಮತ್ತೆ ತಿರುಗುತ್ತಾರೆ. “ಆದ್ರೆ ‘ನಾನು’ ಅಂತ ಬರೀಬೇಡಿ. ಓದಿದೋರು ನಿಮ್ಮದು ಅಂದ್ಕೋತಾರೆ. ಕೂಗಿದ್ದೂ ನಾನೇ, ಸುಮ್ಮನಿದ್ದಿದ್ದೂ ನಾನೇ. ಈ ಸಲ ಎರಡೂ ನನ್ನ ಲೆಕ್ಕಕ್ಕೇ ಇರ್ಲಿ.”